ಕಾಚಬಿಂದು: ಹನಿಯೂ ಮಾತೂ

ಬೆಳಗಾವಿ, ಖಾನಾಪುರಗಳ ಕಡೆ ಮೋತಿಬಿಂದು, ಕಾಚಬಿಂದು ಎಂಬ ಎರಡು ಮರಾಠಿ ಹೆಸರುಗಳನ್ನು ಕೇಳುತ್ತೇವೆ. ಉಚ್ಚಾರದಲ್ಲಿ ಇವು ಅಕ್ಕತಂಗಿಯರಂತಿದ್ದರೂ ಸ್ವಭಾವವು ಬೇರೆ. ಮೊದಲನೆಯದು ಕಣ್ಣಿನ ಪೊರೆ; ಶಸ್ತ್ರಕ್ರಿಯೆಯಿಂದ ನೋಟವು ಮರಳುವುದುಂಟು. ವೈದ್ಯರು ಗ್ಲಾಕೋಮ ಎನ್ನುವ ಎರಡನೆಯದು ನೇತ್ರನರವನ್ನೇ ಸವೆಯಿಸುವುದು. ಬಹುಮಂದಿಗೆ ನೋವೇ ಇಲ್ಲದೆ ಅಂಚಿನ ನೋಟವು ಮೊದಲು ಅಳಿಯುವುದು. ಅಳಿದದ್ದು ಮರಳದು.

ತೊಡಕಿರುವುದು ಇಲ್ಲಿಯೇ. 1996ರಲ್ಲಿ ಬಳಕೆಗೆ ಬಂದ ಲ್ಯಾಟನೊಪ್ರೋಸ್ಟ್ ಹನಿಯನ್ನು ರಾತ್ರಿಗೊಮ್ಮೆ ಹಾಕಿದರೆ ಕಣ್ಣಿನೊಳಗಣ ಒತ್ತಡವು ಇಳಿಯುವುದು. ಆದರೆ ಹಾಕಿಕೊಂಡವನಿಗೆ ನೋಟವೇನೂ ತಿಳಿಯಾಗದು. ಕೆಲವರಿಗೆ ಕಣ್ಣು ಕೆಂಪೇರುವುದು ಬೇರೆ. ಕನಕುಂಬಿಯ ಕಾಡಿನಂಚಿನ ರೈತನು ಇನ್ನೊಂದು ಸೀಸೆಗಾಗಿ ಮಳೆಯಲ್ಲಿ ಖಾನಾಪುರಕ್ಕೆ ಏಕೆ ಬರಬೇಕು? ಈ ಪ್ರಶ್ನೆಯನ್ನು ನಾವು ಅವಿವೇಕವೆಂದು ಎಣಿಸಲಾರೆವು.

ಆದಕಾರಣ ಆಪ್ತಸಮಾಲೋಚನೆಯೂ ಚಿಕಿತ್ಸೆಯ ಭಾಗವೇ. ರೋಗಿಯನ್ನು ಕುಳ್ಳಿರಿಸಿ, ಕನ್ನಡವೋ ಮರಾಠಿಯೋ ಕೊಂಕಣಿಯೋ, ಅವನ ಮನೆಮಾತಿನಲ್ಲಿ, ದೃಷ್ಟಿಕ್ಷೇತ್ರದ ನಕ್ಷೆಯ ಕಪ್ಪಾದ ಭಾಗವನ್ನು ತೋರಿಸಿ, ಹನಿಯು ಉಳಿದ ನೋಟವನ್ನು ಕಾಯುವುದಕ್ಕೆಂದು ತಿಳಿಸಬೇಕು. ಗುಣವಾಗುವುದೆಂಬ ಸುಳ್ಳು ಭರವಸೆಯು ಬೇಡ. ತಿಂಗಳೊಳಗೆ ಅದು ಬಯಲಾಗಿ, ಸೀಸೆಯು ಗೂಡು ಸೇರುವುದು. ಬಳಿಕ ಅವನ ಕೈಯಿಂದಲೇ ಹನಿ ಹಾಕಿಸಿ ನೋಡತಕ್ಕದ್ದು. ಎಷ್ಟೋ ಜನರ ಹನಿಯು ಕೆನ್ನೆಗೆ ಬೀಳುತ್ತಿರುತ್ತದೆ! ಕೆಳರೆಪ್ಪೆಯನ್ನು ಎಳೆದು ಒಂದೇ ಹನಿ. ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತುವುದು. ರಾತ್ರಿಯ ಊಟಕ್ಕೆ ಇದನ್ನು ಗಂಟುಹಾಕಿದರೆ ಮರೆವು ಕಡಮೆ. ಉಬ್ಬಸವುಳ್ಳವರು ಮೊದಲೇ ಹೇಳಬೇಕು. ಟಿಮೊಲಾಲ್ ಹನಿಯು ಅವರಿಗೆ ಆಗದು. ಜೊತೆಗೆ ಬಂದ ತಮ್ಮನನ್ನೂ ಪರೀಕ್ಷೆಗೆ ಕೂಡಿಸುವುದು ಲೇಸು. ರೋಗಿಯ ಒಡಹುಟ್ಟಿದವರಲ್ಲಿ ಈ ರೋಗದ ಸಂಭವವು ಹೆಚ್ಚು.