ಸವೆದ ಲಾಳ ಹೇಳುವ ಮಾತು

ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಕಾಲು ನೇರವಾಗಿದ್ದರೆ ಮೈಭಾರ ಗೊರಸಿನ ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಲಾಳವೂ ಸಮನಾಗಿ ಸವೆಯುತ್ತದೆ. ಕಾಲು ಸೊಟ್ಟಗಿದ್ದರೆ ಈ ಸಮತೋಲ ತಪ್ಪುತ್ತದೆ.

ಗೊರಸಿನ ತುದಿ ಒಳಕ್ಕೆ ತಿರುಗಿದ ಕುದುರೆ ಸಾಮಾನ್ಯವಾಗಿ ಹೊರ ಅಂಚನ್ನು ಮೊದಲು ಊರುತ್ತದೆ. ಲಾಳದ ಹೊರಬದಿ ಬೇಗ ತೆಳುವಾಗುತ್ತದೆ. ತುದಿ ಹೊರಕ್ಕೆ ತಿರುಗಿದ್ದರೆ ಒಳಬದಿಯೇ ಹೆಚ್ಚಾಗಿ ಸವೆಯುತ್ತದೆ. ನಡೆಯುವಾಗ ಪಾದ ಒಳಕ್ಕೆ ಬೀಸಿ ಪಕ್ಕದ ಕಾಲಿಗೆ ತಾಗುವುದೂ ಉಂಟು. ಹಾಗಾಗಿಯೇ ಅನುಭವಿ ಲಾಳಗಾರರು ಕಳಚಿದ ಹಳೆಯ ಲಾಳವನ್ನು ಎಸೆಯುವ ಮುನ್ನ ತಿರುಗಿಸಿ ನೋಡುತ್ತಾರೆ. ಕುದುರೆ ಹೇಗೆ ನಡೆಯಿತೆಂಬುದು ಅದರಲ್ಲಿ ಅಚ್ಚೊತ್ತಿರುತ್ತದೆ.

ಕುದುರೆಮರಿಯ ಮೂಳೆ ವೇಗವಾಗಿ ಬೆಳೆಯುವ ಮೊದಲ ಕೆಲವು ತಿಂಗಳಲ್ಲಿ ಅನೇಕ ಬಗೆಯ ಸೊಟ್ಟನ್ನು ತಿದ್ದಬಹುದು. ಬೆಳೆದ ಕುದುರೆಯ ಗೊರಸನ್ನು ಕೊರೆದು ಕಾಲನ್ನು ಬಲವಂತವಾಗಿ ನೇರಗೊಳಿಸಲು ಹೊರಟರೆ ಕೀಲುಗಳಿಗೆ ಪೆಟ್ಟು ಬೀಳುತ್ತದೆ. ಅಂಥ ಕುದುರೆಗೆ ಬೇಕಾದುದು ಸುಮಾರು 6ರಿಂದ 8 ವಾರಕ್ಕೊಮ್ಮೆ ಗೊರಸು ಹೆರೆದು, ಲಾಳ ಸರಿಪಡಿಸಿ, ಭಾರವನ್ನು ಆದಷ್ಟು ಸಮಗೊಳಿಸುವ ಆರೈಕೆ.

ಹುಟ್ಟಿನಿಂದ ಬಂದ ಸೊಟ್ಟಿಗೆ ಕುದುರೆ ಹೊಣೆಯಲ್ಲ. ಸವೆತವನ್ನು ಗಮನಿಸುವ ಹೊಣೆ ಸಾಕಿದವರದು.