ಅಪಶಕುನದ ಹೊರೆ ಯಾರ ತಲೆಗೆ?



ಸಫರ್ ತಿಂಗಳ ಚಂದ್ರದರ್ಶನವಾಯಿತೆಂದರೆ ನಮ್ಮ ಪಟ್ಟಣಗಳ ಅನೇಕ ಮುಸ್ಲಿಮ್ ಮನೆಗಳಲ್ಲಿ ಮದುವೆಯ ಮಾತುಕತೆ ನಿಂತುಬಿಡುತ್ತದೆ. ಹೊಸ ಮನೆಗೆ ಹೋಗುವುದು, ಅಂಗಡಿ ತೆರೆಯುವುದು, ದೂರದ ಪ್ರಯಾಣ ಎಲ್ಲವೂ ಮುಂದಕ್ಕೆ ಹೋಗುತ್ತವೆ. ದಖ್ಖನಿ ಉರ್ದು ಮಾತನಾಡುವ ಕುಟುಂಬಗಳಲ್ಲಿ ಈ ತಿಂಗಳ ಮೊದಲ ಹದಿಮೂರು ದಿನಗಳಿಗೆ ‘ತೇರಾ ತೇಜಿ’ ಎಂಬ ಹೆಸರೇ ಇದೆ. ಮೊಟ್ಟೆ, ಎಣ್ಣೆ, ಧಾನ್ಯಗಳನ್ನು ತಲೆದೆಸೆಯಲ್ಲಿಟ್ಟು ಮಲಗಿ, ಅನಂತರ ಬಡವರಿಗೆ ಕೊಟ್ಟರೆ ‘ಬಲಾ’ ಕಳೆಯಿತೆಂಬ ಸಮಾಧಾನ. 1832ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಜಾಫರ್ ಶರೀಫರ ‘ಕಾನೂನ್-ಎ-ಇಸ್ಲಾಮ್’ ಗ್ರಂಥವು ದಖ್ಖನಿನ ಮುಸ್ಲಿಮರ ಆಚರಣೆಗಳ ಸಾಲಿನಲ್ಲಿ ತೇರಾ ತೇಜಿಯನ್ನೂ ವಿವರಿಸುತ್ತದೆ. ಎಂದರೆ ಇದು ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದ ಭಯ. ರಾಹುಕಾಲ ನೋಡುವ ನೆರೆಯವರನ್ನು ಕಂಡು ಮುಗುಳ್ನಗುವ ನಾವು ನಮ್ಮ ಮನೆಯ ಪಂಚಾಂಗವನ್ನು ಕಾಣದೇ ಹೋಗಿದ್ದೇವೆ.

ಪ್ರವಾದಿವರ್ಯರು(ಸ) ಈ ಹದಿಮೂರು ದಿನಗಳಲ್ಲಿ ಅಸ್ವಸ್ಥರಾಗಿದ್ದರು, ತಿಂಗಳ ಕೊನೆಯ ಬುಧವಾರ ಗುಣಮುಖರಾಗಿ ಸ್ನಾನ ಮಾಡಿದರು ಎಂಬುದು ಇದಕ್ಕೆ ಕೊಡುವ ಕಾರಣ. ಆದರೆ ಚರಿತ್ರೆ ಹೇಳುವುದು ಬೇರೆ. ಅವರ ಅಂತಿಮ ಅಸ್ವಸ್ಥತೆ ಕಾಣಿಸಿಕೊಂಡದ್ದೇ ಹಿಜರಿ 11ರ ಸಫರ್ ತಿಂಗಳ ಕೊನೆಯ ದಿನಗಳಲ್ಲಿ. ಮುಂದಿನ ರಬೀಉಲ್ ಅವ್ವಲ್‌ನಲ್ಲಿ ಅವರು ಇಹಲೋಕ ತ್ಯಜಿಸಿದರು. ಅನುಯಾಯಿಗಳು ಆತಂಕದಲ್ಲಿದ್ದ ದಿನಗಳನ್ನು ನಾವು ಸಂಭ್ರಮದ ಸ್ನಾನವಾಗಿಸಿದ್ದೇವೆ.

ಹಾಗಾದರೆ ಸಫರ್‌ನ ಭಯ ಎಲ್ಲಿಂದ ಬಂತು? ಅದರ ಬೇರು ಅಜ್ಞಾನ ಕಾಲದ ಅರೇಬಿಯದಲ್ಲಿದೆ. ಝುಲ್‌ಕಅದ್, ಝುಲ್‌ಹಜ್ಜ್, ಮುಹರ್ರಮ್ ಈ ಮೂರು ತಿಂಗಳು ಅರಬರಲ್ಲಿ ಯುದ್ಧ ನಿಷಿದ್ಧವಾಗಿತ್ತು. ಸಫರ್ ಬಂದೊಡನೆ ಕತ್ತಿಗಳು ಹೊರಬರುತ್ತಿದ್ದವು. ಗಂಡಸರು ದಾಳಿಗೆ ಹೊರಟು ಮನೆಗಳು ಬರಿದಾಗುತ್ತಿದ್ದವು. ತಿಂಗಳ ಹೆಸರಿಗೆ ‘ಬರಿದು’ ಎಂಬ ಅರ್ಥದ ಮೂಲವನ್ನು ಭಾಷಾವಿದ್ವಾಂಸರು ಇಲ್ಲಿಯೇ ಗುರುತಿಸುತ್ತಾರೆ. ಕೆಡುಕು ತಿಂಗಳಲ್ಲಿರಲಿಲ್ಲ, ಮನುಷ್ಯನ ಕೈಯಲ್ಲಿತ್ತು. ಆದರೆ ತನ್ನ ಕೈಯನ್ನು ದೂಷಿಸುವುದಕ್ಕಿಂತ ತಿಂಗಳನ್ನು ದೂಷಿಸುವುದು ಸುಲಭವಲ್ಲವೇ?

ಶಕುನಕ್ಕೆ ಅರಬಿಯಲ್ಲಿ ‘ತಿಯರಃ’ ಎನ್ನುತ್ತಾರೆ. ಹಕ್ಕಿ ಎಂಬ ಅರ್ಥದ ಪದದಿಂದ ಅದು ಹುಟ್ಟಿದೆ. ಪ್ರಯಾಣಕ್ಕೆ ಹೊರಟವನು ಹಕ್ಕಿಯನ್ನು ಎಬ್ಬಿಸಿ, ಅದು ಬಲಕ್ಕೆ ಹಾರಿದರೆ ಮುಂದೆ ಸಾಗುತ್ತಿದ್ದ, ಎಡಕ್ಕೆ ಹಾರಿದರೆ ಹಿಂದಿರುಗುತ್ತಿದ್ದ. ಇದಕ್ಕೆ ತದ್ವಿರುದ್ಧವಾಗಿ ಅರ್ಥ ಹಚ್ಚುವ ಬುಡಕಟ್ಟುಗಳೂ ಇದ್ದವು! ಕೊಲೆಯಾದವನ ತಲೆಯಿಂದ ಗೂಬೆಯೊಂದು ಹೊರಟು ಸೇಡಿಗಾಗಿ ಕೂಗುತ್ತದೆಂಬ ನಂಬಿಕೆಯೂ ಇತ್ತು. ಪ್ರವಾದಿ(ಸ)ಯವರು ಹಕ್ಕಿಯ ಶಕುನ, ಗೂಬೆಯ ಭಯ, ಸಫರ್‌ನ ಅಪಶಕುನ ಈ ಮೂರನ್ನೂ ಹೆಸರು ಹಿಡಿದು ನಿರಾಕರಿಸಿದರು. ಪ್ರತಿಯೊಬ್ಬ ಮನುಷ್ಯನ ‘ಹಕ್ಕಿ’ಯನ್ನು ಅವನ ಕೊರಳಿಗೇ ಕಟ್ಟಲಾಗಿದೆಯೆಂದು ಪವಿತ್ರ ಕುರ್‌ಆನ್ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ತಿಳಿಸುತ್ತದೆ. ಶುಭ ಅಶುಭಗಳನ್ನು ಆಕಾಶದಲ್ಲಿ ಹುಡುಕಬೇಡ, ನಿನ್ನ ಕರ್ಮದಲ್ಲಿ ನೋಡು ಎಂಬುದೇ ಇದರ ಪಾಠ.

ಸಹೋದರರೇ, ಶಕುನವು ಬರೀ ವಿಶ್ವಾಸದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು. ಅದು ಹಕ್ಕಿಯಲ್ಲಿ ಆರಂಭವಾದರೂ ಕೊನೆಗೆ ಮನುಷ್ಯನ ಮೇಲೆಯೇ ಬಂದು ಕೂರುತ್ತದೆ. ಬರ ಬಂದಾಗ ಫಿರ್‌ಔನನ ಜನರು ಅದನ್ನು ಮೂಸಾ(ಅ)ರ ಅಪಶಕುನವೆಂದರು. ಸಮೂದ್ ಜನಾಂಗ ಸಾಲಿಹ್(ಅ)ರನ್ನು ಹಾಗೆಯೇ ದೂರಿತು. ನಮ್ಮ ಮನೆಗಳಲ್ಲಿ ಈ ಮಾತನ್ನು ಕೇಳುವವಳು ಸೊಸೆ. ಮದುವೆಯಾದ ವರ್ಷ ಮಾವ ತೀರಿಕೊಂಡರೆ, ವ್ಯಾಪಾರ ಕುಸಿದರೆ ‘ಇವಳ ಕಾಲ್ಗುಣ ಸರಿಯಿಲ್ಲ’, ‘ಮನ್‌ಹೂಸ್’ ಎನ್ನುತ್ತೇವೆ. ಮಾವನಿಗೆ ಮೊದಲೇ ಹೃದಯರೋಗವಿತ್ತು, ಅಂಗಡಿಯ ಮೇಲೆ ಮೊದಲೇ ಸಾಲವಿತ್ತು ಎಂಬುದು ಯಾರಿಗೂ ನೆನಪಾಗುವುದಿಲ್ಲ. ಮಗಳ ಮೆಹಂದಿಯ ದಿನ ವಿಧವೆ ತಾಯಿ ಅಡುಗೆಮನೆಯ ಮೂಲೆ ಸೇರುತ್ತಾಳೆ. ಮಗಳಿಗೆ ಅರಸಿನ ಹಚ್ಚಲು ಅವಳ ಕೈ ಮುಂದೆ ಬರಬಾರದು!

ಪ್ರವಾದಿವರ್ಯರ(ಸ) ಮೊದಲ ಪತ್ನಿ ಖದೀಜಾ(ರ) ವಿಧವೆಯಾಗಿದ್ದರು. ಹಫ್ಸಾ(ರ), ಉಮ್ಮು ಸಲಮಾ(ರ) ಕೂಡಾ ವಿಧವೆಯರಾಗಿದ್ದರು. ಸತ್ಯವಿಶ್ವಾಸಿಗಳ ಮಾತೆಯರೆಂದು ನಾವು ಗೌರವಿಸುವವರು ಇಂದು ನಮ್ಮ ಮದುವೆಮನೆಗೆ ಬಂದರೆ ಅವರನ್ನು ಎಲ್ಲಿ ಕೂರಿಸುತ್ತೇವೆ? ಹೆಣ್ಣಿನಲ್ಲಿ, ಮನೆಯಲ್ಲಿ, ಸವಾರಿಯ ಪ್ರಾಣಿಯಲ್ಲಿ ಅಪಶಕುನವಿದೆಯೆಂದು ಪ್ರವಾದಿ(ಸ) ಹೇಳಿದ್ದಾರೆಂಬ ಮಾತು ಕಿವಿಗೆ ಬಿದ್ದಾಗ ಆಯಿಶಾ(ರ) ಕೋಪಗೊಂಡರು. ಅದು ಅಜ್ಞಾನ ಕಾಲದವರ ಮಾತು, ಪ್ರವಾದಿ(ಸ) ಅದನ್ನು ಉಲ್ಲೇಖಿಸಿದ್ದಷ್ಟೇ ಎಂದು ತಿದ್ದಿದರು. ಶವ್ವಾಲ್‌ನಲ್ಲಿ ಮದುವೆ ಅಶುಭವೆಂದು ಅರಬರು ನಂಬಿದ್ದರು. ಆಯಿಶಾ(ರ)ರ ವಿವಾಹ ನಡೆದದ್ದು ಶವ್ವಾಲ್‌ನಲ್ಲಿಯೇ, ಪ್ರವಾದಿಗೃಹಕ್ಕೆ ಅವರು ಬಂದದ್ದೂ ಅದೇ ತಿಂಗಳಲ್ಲಿ. ತಮ್ಮ ಬಳಗದ ಹೆಣ್ಣುಮಕ್ಕಳನ್ನು ಅದೇ ತಿಂಗಳು ಗಂಡನ ಮನೆಗೆ ಕಳುಹಿಸಲು ಅವರು ಇಷ್ಟಪಡುತ್ತಿದ್ದರು. ಮೌಢ್ಯಕ್ಕೆ ಅವರು ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟರು.

ಕ್ರಿ.ಶ. 632ರಲ್ಲಿ ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕಾಗಿ ಸೂರ್ಯನೂ ಮಂಕಾದನೆಂದು ಜನ ಆಡಿಕೊಂಡರು. ಸುಮ್ಮನಿದ್ದಿದ್ದರೆ ಆ ನಂಬಿಕೆ ಅವರ ಹಿರಿಮೆಯನ್ನೇ ಹೆಚ್ಚಿಸುತ್ತಿತ್ತು. ಆದರೆ ಮಗನನ್ನು ಕಳೆದುಕೊಂಡ ಆ ದುಃಖದಲ್ಲೂ ಅವರು ಜನರನ್ನು ತಿದ್ದಿದರು: ಸೂರ್ಯಚಂದ್ರರು ಅಲ್ಲಾಹನ ನಿದರ್ಶನಗಳು, ಯಾರ ಹುಟ್ಟುಸಾವಿಗಾಗಿಯೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ.

ಶಕುನವನ್ನು ಬಿಡುವುದೆಂದರೆ ಎಚ್ಚರಿಕೆಯನ್ನೂ ಬಿಡುವುದೆಂದಲ್ಲ. ಶಾಮ್ ಪ್ರದೇಶದಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು ಖಲೀಫಾ ಉಮರ್(ರ) ದಾರಿಯಿಂದಲೇ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಹೌದು, ಅವನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಎಂದುತ್ತರಿಸಿದರು. ರೋಗಕ್ಕೆ ಅಂಜಿ ಎಚ್ಚರ ವಹಿಸುವುದು ವಿವೇಕ, ಬೆಕ್ಕಿಗೆ ಅಂಜಿ ಹಿಂದಿರುಗುವುದು ಮೌಢ್ಯ.

ಈ ರೋಗ ಒಂದೇ ಸಮುದಾಯದ್ದಲ್ಲ, ಅಧಿಕಾರಸ್ಥರನ್ನೂ ಬಿಟ್ಟಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಭಯದಿಂದ ನಮ್ಮ ರಾಜ್ಯದಲ್ಲಿ ಹಲವರು ಆ ಪಟ್ಟಣವನ್ನು ದೂರವಿಟ್ಟರು. ಸಿದ್ದರಾಮಯ್ಯನವರು ಹಲವು ಬಾರಿ ಅಲ್ಲಿಗೆ ಹೋಗಿ, 2013ರಿಂದ 2018ರ ವರೆಗೆ ಪೂರ್ಣಾವಧಿ ಆಳಿ, 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಇಲ್ಲಿಯೂ ಹೊರೆ ಹೊತ್ತವರು ಯಾರು? ಏನೂ ತಪ್ಪು ಮಾಡದ ಒಂದು ಊರಿನ ಜನ. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ನಮ್ಮ ವಿಧಾನಮಂಡಲ 2017ರಲ್ಲಿ ಕಾನೂನನ್ನು ಅಂಗೀಕರಿಸಿತು. ಆದರೆ ಸೊಸೆಯನ್ನು ‘ಮನ್‌ಹೂಸ್’ ಎನ್ನುವ ನಾಲಗೆಯನ್ನು ತಡೆಯಲು ಪೊಲೀಸರು ಅಡುಗೆಮನೆಗೆ ಬರಲಾರರು. ಅದು ನಮ್ಮದೇ ಹೊಣೆ.

ಆದ್ದರಿಂದ ಈ ವರ್ಷ ಸಫರ್‌ನಲ್ಲಿ ಒಂದು ನಿಕಾಹ್ ನಿಶ್ಚಯಿಸೋಣ. ಗೊಂದಲವಾದರೆ ತಿಳಿದವರೊಡನೆ ಸಮಾಲೋಚಿಸೋಣ, ಎರಡು ರಕಅತ್ ಇಸ್ತಿಖಾರಾ ನಮಾಝ್ ನಿರ್ವಹಿಸೋಣ. ಬಡವರಿಗೆ ಮೊಟ್ಟೆ, ಎಣ್ಣೆ ಕೊಡೋಣ, ಆದರೆ ನಮ್ಮ ‘ಬಲಾ’ವನ್ನು ಅವರ ಮೇಲೆ ದಾಟಿಸಲಿಕ್ಕಲ್ಲ, ಅವರ ಹಸಿವು ನೀಗಿಸಲಿಕ್ಕೆ. ಮುಂದಿನ ಮದುವೆಯಲ್ಲಿ ವಧುವಿಗೆ ಮೊದಲ ಅರಸಿನವನ್ನು ಆ ಮನೆಯ ವಿಧವೆಯ ಕೈಯಿಂದ ಹಚ್ಚಿಸೋಣ. ಆ ತಾಯಿಯ ಹಾರೈಕೆಗಿಂತ ದೊಡ್ಡ ಶುಭಶಕುನ ನಮಗೆ ಬೇರೆ ಬೇಡ.

ಭಯವನ್ನು ಅಲ್ಲಾಹನೊಬ್ಬನಿಗೆ ಮೀಸಲಿಟ್ಟು, ಅವನ ದಾಸರೊಂದಿಗೆ ನ್ಯಾಯದಿಂದ ವರ್ತಿಸುವ ಸೌಭಾಗ್ಯವನ್ನು ಅವನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.