ಕಡಲ ನಡುವೆ ಇಂಜಿನು ನಿಂತಾಗ

(ಕರಾವಳಿ ಪ್ರವಾಸಕ್ಕೆ ಹೊರಡಲಿರುವ ಕೋಲಾರ ಮತ್ತು ಮಾಲೂರು ತಾಲ್ಲೂಕುಗಳ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಹೋದ ಸಲ ಮುಳಬಾಗಿಲು ಮತ್ತು ಶ್ರೀನಿವಾಸಪುರದ ಇಪ್ಪತ್ತೆರಡು ಮಂದಿ ರೈತರನ್ನು ಕರಾವಳಿಗೆ ಕರೆದುಕೊಂಡು ಹೋದವನು ನಾನೇ. ಈ ಸಲ ತಾವು ಹೊರಟಿದ್ದೀರಿ. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ನೋಡಬೇಕಾದುದನ್ನು ಅಲ್ಲಿನವರೇ ತೋರಿಸಿಕೊಡುತ್ತಾರೆ. ಅದರ ವಿಚಾರ ನಾನು ಹೇಳುವುದಿಲ್ಲ. ಪ್ರವಾಸದ ಪಟ್ಟಿಯಲ್ಲಿ ಕೊನೆಗೆ ಒಂದು ಸಾಲು ಇದೆ: ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಬರುವುದು. ನಾನು ಎರಡು ಮಾತು ಆಡಬೇಕೆಂದು ಬಂದಿರುವುದು ಆ ಒಂದು ಸಾಲಿನ ವಿಷಯವಾಗಿ.

ಮಲ್ಪೆಯಿಂದ ಆ ದ್ವೀಪಕ್ಕೆ ಸುಮಾರು 6 ಕಿಲೋಮೀಟರು. ನೆಲದ ಮೇಲಾದರೆ ಸಂತೆಗೆ ನಡೆದು ಹೋಗುವಷ್ಟು ದೂರ. ನಮ್ಮ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ದಿವಸ ಮೊದಲ ಸಲ ಸಮುದ್ರ ನೋಡಿದವರು. ಹತ್ತುವಾಗಲೇ ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರು. ಮಾವಿನ ತೋಟದ ಹಿರಿಯರೊಬ್ಬರು, "ಸೆಕೆ ಆಗ್ತದೆ, ಬೇಡಪ್ಪಾ" ಎಂದು ಅದನ್ನು ಮಡಿಸಿ ಕೂಡುವ ಮೆತ್ತೆ ಮಾಡಿಕೊಂಡರು. ನಾನು ನೋಡಿಯೂ ಸುಮ್ಮನಾದೆ. ದೊಡ್ಡವರು, ಹೇಗೆ ಹೇಳುವುದು ಎಂಬ ಸಂಕೋಚ. ಅದು ನನ್ನ ತಪ್ಪು.

ಹೋಗುವಾಗ ಏನೂ ಆಗಲಿಲ್ಲ. ಹಿಂದಿರುಗುವಾಗ, ಅರ್ಧ ದಾರಿಯಲ್ಲಿ, ಇಂಜಿನಿನ ಶಬ್ದ ಬದಲಾಯಿತು. ನಮಗೆ ಅದು ತಿಳಿಯಲಿಲ್ಲ. ತಾಂಡೇಲರಿಗೆ, ಅಂದರೆ ದೋಣಿ ನಡೆಸುವ ಹಿರಿಯರಿಗೆ, ತಿಳಿಯಿತು. ಅವರು ಆಗಾಗ್ಗೆ ದೋಣಿಯ ಪಕ್ಕಕ್ಕೆ ಬಗ್ಗಿ ನೋಡುತ್ತಿದ್ದುದನ್ನು ನಾನು ಮೊದಲೇ ಗಮನಿಸಿದ್ದೆ, ಕಾರಣ ಗೊತ್ತಿರಲಿಲ್ಲ. ದೋಣಿಯ ಇಂಜಿನು ತಳದ ಒಂದು ರಂಧ್ರದಿಂದ ಕಡಲ ನೀರನ್ನೇ ಎಳೆದುಕೊಂಡು ಮೈ ತಂಪು ಮಾಡಿಕೊಂಡು, ಆ ನೀರನ್ನು ಪಕ್ಕದಲ್ಲಿ ಉಗುಳುತ್ತಾ ಹೋಗುತ್ತದೆ. ಆ ಉಗುಳು ಸಣ್ಣದಾದರೆ ಇಂಜಿನು ಕಾಯುತ್ತಿದೆ ಎಂದು ಅರ್ಥ. ಅವರು ನೋಡಿದಾಗ ಅದು ನಿಂತೇ ಹೋಗಿತ್ತು. ಕೂಡಲೇ ಇಂಜಿನು ನಿಲ್ಲಿಸಿದರು. ಇನ್ನು ಸ್ವಲ್ಪ ದೂರ ಎಳೆದು ನೋಡೋಣ ಎಂದಿದ್ದರೆ ಪಿಸ್ಟನ್ನು ಹಿಡಿದುಕೊಂಡು, ಆಮೇಲೆ ಯಾವ ಪಾನಾ ಹಾಕಿದರೂ ಪ್ರಯೋಜನವಿರುತ್ತಿರಲಿಲ್ಲ.

ಇಂಜಿನು ನಿಂತ ಮೇಲೆ ಅವರು ಮೊದಲು ಇಂಜಿನಿನ ಹತ್ತಿರ ಹೋಗಲಿಲ್ಲ. ಲಂಗರು ಬಿಟ್ಟರು. ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲದ ಕಡೆಗೆ ಗಾಳಿ ಬೀಸುತ್ತದೆ. ಇಂಜಿನಿಲ್ಲದ ದೋಣಿಯನ್ನು ಅದು ಬಂಡೆಗಳ ಕಡೆಗೆ ತಳ್ಳಿಕೊಂಡು ಹೋಗುವುದಕ್ಕೆ ಬಹಳ ಹೊತ್ತು ಬೇಡ. ನೀರಿನ ಆಳ ಎಷ್ಟೋ ಅದರ ಐದರಷ್ಟು ಉದ್ದ ಹಗ್ಗ ಬಿಟ್ಟರು. ಹಗ್ಗ ಗಿಡ್ಡವಾದರೆ ಲಂಗರು ನೆಲ ಕಚ್ಚುವುದಿಲ್ಲವಂತೆ.

ಅಷ್ಟರಲ್ಲಿ ಇಂಜಿನಿನ ಪೆಟ್ಟಿಗೆಯಿಂದ ಆವಿ ಎದ್ದಿತು. ಏನಾಯಿತೋ ನೋಡೋಣವೆಂದು ನಮ್ಮವರೆಲ್ಲ ಒಂದೇ ಪಕ್ಕಕ್ಕೆ ಎದ್ದು ನುಗ್ಗಿದರು. ದೋಣಿ ಆ ಕಡೆಗೆ ಬಾಗಿತು. ತಾಂಡೇಲರು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ: "ಕೂತ್ಕೊಳ್ಳಿ ಮಾರಾಯ್ರೆ! ಎಲ್ಲಿದ್ದೀರೋ ಅಲ್ಲೇ ಕೂತ್ಕೊಳ್ಳಿ!" ಎಲ್ಲರೂ ಕುಳಿತರು. ಹಿರಿಯರು ಮೆತ್ತೆಯನ್ನು ಬಿಡಿಸಿ ಕೊರಳಿಗೆ ಹಾಕಿಕೊಂಡರು. ಕೈ ನಡುಗುತ್ತಿದ್ದುದರಿಂದ ಪಟ್ಟಿಯನ್ನು ನಾನು ಬಿಗಿದೆ.

ಇದನ್ನು ಹಗುರವಾಗಿ ಎಣಿಸಬೇಡಿ. 2019ನೇ ಇಸವಿ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ನಮ್ಮಂತೆಯೇ ಒಳನಾಡಿನಿಂದ ಹೋದವರೂ ಮಕ್ಕಳೂ ಇದ್ದರು. ಇಂಜಿನು ನಿಂತ ಮಾತ್ರಕ್ಕೆ ದೋಣಿ ಮುಳುಗುವುದಿಲ್ಲ. ಗಾಬರಿಯಿಂದ ಒಂದೇ ಪಕ್ಕಕ್ಕೆ ಜನ ಸೇರಿದರೆ ಮಗುಚಬಹುದು.

ಇನ್ನು ರಿಪೇರಿಯ ವಿಷಯ. ದೋಣಿಯೊಳಕ್ಕೆ ಕಡಲ ನೀರು ಬರುವ ಕೊಳಾಯಿಯನ್ನು ತಾಂಡೇಲರು ಮೊದಲು ಬಂದ್ ಮಾಡಿದರು. ಅದನ್ನು ಮರೆತು ಜರಡಿ ಬಿಚ್ಚಿದರೆ ಸಮುದ್ರವೇ ಒಳಕ್ಕೆ ಬರುತ್ತದೆ. ಜರಡಿಯಲ್ಲಿ ಸಿಕ್ಕಿದ್ದು ಏನೆಂದು ಬಲ್ಲಿರಾ? ನಾವು ಅಂಗಡಿಯಿಂದ ತಂದು ಬಿಸಾಡುತ್ತೇವಲ್ಲ, ಆ ತೆಳು ಪ್ಲಾಸ್ಟಿಕ್ ಚೀಲದ ಚೂರು. ನಮ್ಮವರಲ್ಲಿ ಒಬ್ಬರು ಇಂಜಿನಿನ ಮೇಲೆ ಒಂದು ಬಕೆಟ್ ನೀರು ಸುರಿಯಲು ಹೋದರು. ತಾಂಡೇಲರು ಕೈ ಹಿಡಿದು ತಡೆದರು. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ನೀರಿನ ಮುಚ್ಚಳವನ್ನು ಬಿಸಿಯಲ್ಲಿ ತೆರೆದರೂ ಮುಖ ಬೆಂದೀತು. ಅರ್ಧ ಗಂಟೆ ಸುಮ್ಮನೆ ಕಾಯಬೇಕು. ಕಾದೆವು. ಆಮೇಲೆ ಅವರು ಆಯಿಲ್ ಕಡ್ಡಿಯನ್ನು ಎಳೆದು ನೋಡಿದರು. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದು ಅರ್ಥ. ಆಗ ಇಂಜಿನನ್ನು ಓಡಿಸಬಾರದು. ನಮ್ಮ ಪುಣ್ಯ, ಹಾಗಾಗಿರಲಿಲ್ಲ.

ಇಂಜಿನು ಹೊರಟಿತು. ನಮ್ಮವರು ಚಪ್ಪಾಳೆ ತಟ್ಟಿದರು. ಐದು ನಿಮಿಷದಲ್ಲಿ ಉಬ್ಬಸದವನಂತೆ ಎಳೆದೆಳೆದು ಪುನಃ ನಿಂತಿತು. ದೋಣಿ ಅಷ್ಟು ಹೊತ್ತು ಓಲಾಡಿದ್ದರಿಂದ ಡೀಸೆಲ್ ಟ್ಯಾಂಕಿನ ತಳದ ಕೆಸರು ಮೇಲೆದ್ದು ಫಿಲ್ಟರಿಗೆ ಬಡಿದಿತ್ತು. ಪುನಃ ಲಂಗರು. ತಾಂಡೇಲರ ಬಳಿ ಹೊಸ ಫಿಲ್ಟರು ಒಂದು ಇತ್ತು. ಅದನ್ನು ಹಾಕಿ, ಮೇಲಿನ ಸಣ್ಣ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತುತ್ತಾ ಹೋದರು. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಆಗ ತಿರುಪು ಬಿಗಿದರು. ಇದನ್ನೇ ಏರ್ ತೆಗೆಯುವುದು ಎನ್ನುತ್ತಾರೆ. ಡಿಪ್ಲೊಮಾ ಓದುವಾಗ ಈ ಚಿತ್ರವನ್ನು ಬರೆದು ನಾನು ಒಳ್ಳೆಯ ಅಂಕ ಪಡೆದಿದ್ದೆ. ಆ ದಿವಸ ನನ್ನ ಕೈಗೆ ಪಾನಾ ಕೊಟ್ಟಿದ್ದರೆ ಯಾವ ತಿರುಪು ಎಂದು ಹುಡುಕುವುದರಲ್ಲೇ ಸೂರ್ಯ ಮುಳುಗುತ್ತಿತ್ತು.

ಈಗ ತಾವು ಕೇಳಬಹುದು, ದೋಣಿಯ ಇಂಜಿನು ಕಟ್ಟಿಕೊಂಡು ನಮಗೇನು ಎಂದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಹೊಲಗಳಲ್ಲಿ ಕೃಷಿ ಹೊಂಡಗಳಾದವು. ಹೊಂಡದ ಜೊತೆಗೆ ನೀರೆತ್ತಲು ಡೀಸೆಲ್ ಇಂಜಿನುಗಳೂ ಬಂದವು. ಕಪಿಲೆ ಹೋಗಿ ಆಯಿಲ್ ಇಂಜಿನು ಬಂದ ಕಾಲದಲ್ಲಿ ನಮ್ಮ ತಂದೆ ತಾತಂದಿರಿಗೆ ಅದರ ನಾಡಿ ಗೊತ್ತಿತ್ತು. ಕರೆಂಟು ಮೋಟಾರು, ಕೊಳವೆ ಬಾವಿ ಬಂದ ಮೇಲೆ ನಮಗೆ ಮರೆತುಹೋಯಿತು. ಈಗ ರಾಗಿ ತೆನೆ ಕಟ್ಟುವಾಗ, ಟೊಮೇಟೊ ಹೂವಿನಲ್ಲಿರುವಾಗ ಇಂಜಿನು ನಿಂತರೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಪೇಟೆಗೆ ಹೋಗುತ್ತೇವೆ. ಅವನು ಬರುವುದು ಮೂರನೆಯ ದಿನ. ಬಂದು ಮಾಡುವುದು ಬಹಳ ಸಲ ಇಷ್ಟೇ: ಏರ್ ತೆಗೆಯುವುದು.

ನಮ್ಮ ಸಣ್ಣ ಇಂಜಿನುಗಳಲ್ಲಿ ಟ್ಯಾಂಕು ತಲೆಯ ಮೇಲೇ ಇರುವುದರಿಂದ ಸಾಮಾನ್ಯವಾಗಿ ಕೈಪಂಪು ಸಹ ಬೇಕಿಲ್ಲ. ಡೀಸೆಲ್ ತಾನಾಗಿ ಇಳಿದು ಬರುತ್ತದೆ. ಟ್ಯಾಂಕು ಪೂರ್ತಿ ಬರಿದಾಗಲು ಬಿಟ್ಟರೆ ಏರ್ ಹಿಡಿಯುತ್ತದೆ, ಅದನ್ನು ಬಿಡಬಾರದು. ಸಂಜೆ ಕೆಲಸ ಮುಗಿದ ಕೂಡಲೇ ಟ್ಯಾಂಕು ತುಂಬಿಡಿ. ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ನೀರಿನ ಹನಿ ಕಟ್ಟುತ್ತದೆ. ಡೀಸೆಲ್ ಕ್ಯಾನಿನ ತಳದ ಅರ್ಧ ಲೀಟರನ್ನು ಇಂಜಿನಿಗೆ ಸುರಿಯಬೇಡಿ. ಹೊಂಡದಲ್ಲಿ ಫುಟ್‌ವಾಲ್ವನ್ನು ತಳಕ್ಕೆ ಬಿಡುವ ಅಭ್ಯಾಸವೂ ಕೆಟ್ಟದ್ದು, ಪಾಚಿ ಮತ್ತು ಎಲೆ ಕಚ್ಚಿಕೊಳ್ಳುತ್ತವೆ. ಅದನ್ನು ಒಂದು ಬುಟ್ಟಿಯೊಳಗಿಟ್ಟು, ಖಾಲಿ ಕ್ಯಾನಿಗೆ ಕಟ್ಟಿ ನೀರಿನ ಮೇಲ್ಮಟ್ಟದಿಂದ ಒಂದೆರಡು ಅಡಿ ಕೆಳಗೆ ತೇಲುವಂತೆ ಮಾಡಿ. ಪಂಪಿನ ನೀರಿನಿಂದಲೇ ತಂಪಾಗುವ ಇಂಜಿನಾದರೆ, ಪಂಪು ನೀರು ಬಿಟ್ಟ ಗಳಿಗೆಯಲ್ಲೇ ಇಂಜಿನೂ ಕಾಯುತ್ತದೆ, ಮಲ್ಪೆಯ ದೋಣಿಯಂತೆಯೇ. ಹೊಗೆಯನ್ನೂ ನೋಡುತ್ತಿರಿ. ಕಪ್ಪು ಹೊಗೆ ಬಂದರೆ ಗಾಳಿಯ ಫಿಲ್ಟರು ಕಟ್ಟಿದೆಯೇ, ಭಾರ ಹೆಚ್ಚಾಗಿದೆಯೇ ನೋಡಬೇಕು. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ನಾಜಲಿನ ಕೊಳವೆ ಸೋರುತ್ತಿದ್ದರೆ ಮಾತ್ರ, ಇಂಜಿನು ಓಡುತ್ತಿರುವಾಗ ಬೆರಳು ಅಡ್ಡ ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ಸೂಜಿಯಂತೆ ಚುಚ್ಚಿ ಒಳಹೋಗುತ್ತದೆ.

ದೋಣಿಯ ಮಾತಿಗೆ ಬರುತ್ತೇನೆ. ಹತ್ತುವ ಮುಂಚೆ ತಾವು ತಾಂಡೇಲರನ್ನು ಕೇಳಬೇಕು: ಲಂಗರು ಇದೆಯೇ, ಎಲ್ಲರಿಗೂ ಜಾಕೆಟ್ ಇದೆಯೇ, ಎಷ್ಟು ಜನರ ದೋಣಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಡೀಸೆಲನ್ನು ಕಡಲಿನವರು ಮೂರು ಪಾಲು ಮಾಡಿ ಎಣಿಸುತ್ತಾರೆ, ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ಕಷ್ಟಕ್ಕೆ ಒಂದು. ಜಾಕೆಟ್ಟನ್ನು ದಡದಲ್ಲೇ ತೊಟ್ಟು ಪಟ್ಟಿ ಬಿಗಿಯಿರಿ. ಈ ಸಲ ಯಾರ ವಯಸ್ಸನ್ನೂ ನೋಡದೆ ನಾನು ಒತ್ತಾಯ ಮಾಡುವವನಿದ್ದೇನೆ. ಮೊಬೈಲಿನಲ್ಲಿ ಎಲ್ಲರೂ ಚಿತ್ರ ತೆಗೆದು ಬ್ಯಾಟರಿ ಮುಗಿಸಬೇಡಿ. ಎರಡು ಫೋನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆಯಾಗಿ ಇಡೋಣ. ಕರಾವಳಿ ರಕ್ಷಣಾ ಪಡೆಯ ಉಚಿತ ನಂಬರು 1554. ಕರೆ ಮಾಡಿದರೆ ಅಳಬಾರದು, ಕೂಗಬಾರದು. ಎಲ್ಲಿದ್ದೇವೆ, ಎಷ್ಟು ಜನ, ಏನಾಗಿದೆ, ಇಷ್ಟನ್ನು ಹೇಳಬೇಕು. ಮತ್ತು ಪ್ಲಾಸ್ಟಿಕ್ ಚೀಲವನ್ನು ನೀರಿಗೆ ಬಿಡಬೇಡಿ. ಅದು ಯಾವ ದೋಣಿಯ ಜರಡಿಗೆ ಹೋಗಿ ಕೂರುತ್ತದೋ ಯಾರು ಬಲ್ಲರು.

ಪ್ರವಾಸಕ್ಕೆ ಮುಂಚೆ, ಬರುವ ಭಾನುವಾರ ಬೆಳಿಗ್ಗೆ, ಇದೇ ಊರಿನ ಮೇಲಿನ ಹೊಲದ ಹೊಂಡದ ಹತ್ತಿರ ಸೇರೋಣ. ಇಂಜಿನು ಅಲ್ಲಿಯೇ ಇದೆ. ನಾನು ಏರ್ ಬಿಡುತ್ತೇನೆ, ತೆಗೆಯಬೇಕಾದವರು ತಾವು. ಹೆಣ್ಣುಮಕ್ಕಳೂ ಬನ್ನಿ, ಗಂಡಸರು ಪೇಟೆಗೆ ಹೋದ ದಿವಸವೇ ಅದು ನಿಲ್ಲುವುದು. ಬರುವಾಗ ಇಂಜಿನಿರುವವರು ತಮ್ಮ ಡೀಸೆಲ್ ಕ್ಯಾನಿನ ತಳದಲ್ಲಿರುವುದನ್ನು ಒಂದು ಗಾಜಿನ ಬಾಟಲಿಗೆ ಬಗ್ಗಿಸಿ, ರಾತ್ರಿಯೆಲ್ಲ ಅಲುಗಿಸದೆ ಇಟ್ಟು, ಹಾಗೆಯೇ ತನ್ನಿ. ಯಾರ ಬಾಟಲಿಯ ಅಡಿಯಲ್ಲಿ ಎಷ್ಟು ಬೆರಳು ನೀರು ನಿಂತಿದೆ ಎಂಬುದನ್ನು ಸಾಲಾಗಿ ಇಟ್ಟು ನೋಡೋಣ.